ಅಡಿವೆಪ್ಪನಿಗೆ ಒಂದೇ ರೇಟು

ನಗುವವರು ಮುಂದೆ ಬಂದು ಕೂತುಕೊಳ್ಳಿ. ಗಂಡು ಮಕ್ಕಳನ್ನು ಹೆತ್ತವರು ಸ್ವಲ್ಪ ಹಿಂದೆ ಕೂತರೂ ನಡೆದೀತು, ಯಾಕೆಂದರೆ ಇದು ಕಾಶವ್ವನ ಪಾಡು.

ಕಾಶವ್ವನಿಗೆ ಒಬ್ಬ ಮಗ, ಅಡಿವೆಪ್ಪ. ಆಳು ನೋಡಿದರೆ ಬಾಗಿಲು ತುಂಬುವಂಥ ಆಳು. ತಾಯಿಯ ಮಾತು ಮೀರಿದವನೇ ಅಲ್ಲ. ತೊಂದರೆ ಇದ್ದದ್ದೇ ಅಲ್ಲಿ! ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಒಂದು ಕೂದಲೆಳೆ ಆಚೆಗಿಲ್ಲ, ಈಚೆಗಿಲ್ಲ. "ಇಂಥವನನ್ನ ನಾ ಹ್ಯಾಂಗ ಹಡದೆ ನಮ್ಮವ್ವಾ!" ಎಂದು ಕಾಶವ್ವ ದಿನಕ್ಕೆ ನಾಲ್ಕು ಸಲ ಹಣೆ ಬಡಿದುಕೊಳ್ಳುತ್ತಿದ್ದಳು.

ಮಗಳು ಕಸ್ತೂರಿ ಮಾತ್ರ ಚುರುಕು. ಗಂಡ ಮಿಲಿಟರಿಯವನು, ಇಬ್ಬರೂ ಇದ್ದದ್ದು ಅಸ್ಸಾಮಿನಲ್ಲಿ. ಅಲ್ಲೇ ಹೆರಿಗೆಯಾಗಿ ಹೆಣ್ಣು ಕೂಸು ಹುಟ್ಟಿತ್ತು. ಬರುವ ಸೋಮವಾರ ಹತ್ತು ಗಂಟೆಗೆ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಕಿವಿಯಲ್ಲಿ 'ಕುರ್‌ರ್' ಎಂದು ಹೆಸರು ಹೇಳಲು ಸೋದರತ್ತೆ ಬೇಕು. ಅಳಿಯನಿಗೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. "ಅವ್ವಾ, ನೀನ ಹೇಳಬೇಕು. ವಿಡಿಯೋ ಕಾಲ್ ಹಚ್ಚಿ ಕೂಸಿನ ಕಿವಿಗೆ ಫೋನ್ ಹಿಡಿತೀನಿ" ಎಂದಿದ್ದಳು ಕಸ್ತೂರಿ. ಅಂದಿನಿಂದ ಕಾಶವ್ವ ರೊಟ್ಟಿ ಬಡಿಯುವಾಗಲೂ ಆ ಹೆಸರನ್ನೇ ಬಾಯಲ್ಲಿ ರೂಢಿ ಮಾಡಿಕೊಳ್ಳುತ್ತಿದ್ದಳು.

ಊರು ಗುಡ್ಡದ ಸಂದಿಯಲ್ಲಿ. ಅಲ್ಲಿ ಫೋನಿಗೆ ಸಿಗ್ನಲ್ಲೇ ಬಾರದು. ಕೇಬಲ್ ಮಹಾಂತೇಶ ತಂತಿ ಎಳೆದು ಕಾಶವ್ವನ ಮನೆಯಲ್ಲೊಂದು ನೆಟ್ಟಿನ ಡಬ್ಬಿ ಕೂರಿಸಿದ್ದ. ಬಳಸಿದಷ್ಟು ರೊಕ್ಕ, ಬಳಸದಿದ್ದರೆ ಇಲ್ಲ. ಕಾಶವ್ವ ಒಮ್ಮೆ ರೊಕ್ಕ ತುಂಬಿ, ತುಪ್ಪ ಬಡಿಸಿದ ಹಾಗೆ ಇಷ್ಟಿಷ್ಟೇ ಬಳಸುತ್ತಿದ್ದಳು.

ಬುಧವಾರ ಸಂತೆಗೆ ಹೊರಟವಳು ಮಗನಿಗೆ ಹೇಳಿದಳು: "ಎಮ್ಮಿ ಒಣಾ ಮೇವು ತಿಂದು ಬ್ಯಾಸತ್ತೈತಿ. ಅದಕ್ಕೊಂದೀಟು ಹಸರು ತೋರಸೋ."

ಸಂತೆಯಿಂದ ಬಂದು ನೋಡುತ್ತಾಳೆ, ಮೇವಿನ ಗೋದಲಿಗೆ ಫೋನು ಒರಗಿದೆ. ಫೋನಿನಲ್ಲಿ ಎಲ್ಲಿಯದೋ ಹುಲ್ಲುಗಾವಲು. ಎಮ್ಮೆ ನೋಡುತ್ತಿದೆ, ಅಡಿವೆಪ್ಪನೂ ನೋಡುತ್ತಿದ್ದಾನೆ!

"ಏನ್ ಮಾಡಾಕತ್ತೀಯೋ?"

"ಮುಂಜಾನಿಂದ ಹಸರು ತೋರಸಾಕತ್ತೀನವ್ವಾ. ತಿನ್ನವಲ್ದು!"

"ನಿನ್ನ ಬುದ್ಧಿಗೆ ಬೆಂಕಿ ಹಾಕ! ಇದ್ದಬದ್ದ ನೆಟ್ಟೆಲ್ಲಾ ಎಮ್ಮಿಗೆ ಹಾಕಿದೆಲ್ಲೋ! ಸೋಮವಾರ ಕೂಸಿಗೆ ಹೆಸರು ಹ್ಯಾಂಗ ಹೇಳ್ಲಿ? ಕೇಳಿಲ್ಲಿ, ಬಳಸಿದಷ್ಟು ರೊಕ್ಕ. ಒಂದೀಟ ಬಳಸಬೇಕು, ಬಂದ್ ಮಾಡಬೇಕು!"

"ಹೂನವ್ವಾ. ಒಂದೀಟ ಬಳಸಬೇಕು, ಬಂದ್ ಮಾಡಬೇಕು."

ಮರುದಿನ ಅವನನ್ನು ಪೇಟೆಗೆ ಕಳಿಸಿದಳು, ಮತ್ತೆ ನೆಟ್ ತುಂಬಿಸಲು ಮಹಾಂತೇಶನನ್ನು ಕರೆದು ಬರಲಿ ಎಂದು. "ಹಸಿವಾದರ ಖಾನಾವಳಿಯಾಗ ಉಂಡು ಬಾ" ಎಂದು ಊಟದ ರೊಕ್ಕ ಕೊಟ್ಟಳು. ಅಡಿವೆಪ್ಪ ಊಟದ ಚೀಟಿ ತೆಗೆಸಿ ಕೂತ. ರೊಟ್ಟಿ ಬಂತು, ಬದನೆಕಾಯಿ ಎಣಗಾಯಿ ಬಂತು. ಒಂದು ತುತ್ತು ಮುರಿದು ಬಾಯಿಗಿಟ್ಟ. ಕೂಡಲೇ ತಟ್ಟೆಯ ಮೇಲೆ ಎರಡೂ ಕೈ ಮುಚ್ಚಿದ.

"ಇನ್ನೊಂದು ರೊಟ್ಟಿ ಹಾಕ್ಲೇನು ತಮ್ಮಾ?" ಎಂದಳು ಬಡಿಸುವಾಕೆ.

"ಬ್ಯಾಡ, ಬ್ಯಾಡ! ಬಂದ್!"

ಮೂರು ಹರಿದಾರಿ ನಡೆದು ಮನೆಗೆ ಬಂದವನು ಹೊಸ್ತಿಲಲ್ಲೇ ಕುಸಿದ. "ಮಹಾಂತೇಶಣ್ಣ ಐತವಾರ ಬರ್ತಾನಂತ" ಎಂದಷ್ಟು ಹೇಳಿ ಕಣ್ಣು ಮುಚ್ಚಿದ. ಕಾಶವ್ವ ಗಾಬರಿಯಾಗಿ ನೀರು ಚಿಮುಕಿಸಿ, ಮಜ್ಜಿಗೆ ಕುಡಿಸಿ, ನಡೆದದ್ದನ್ನು ಬಾಯಿ ಬಿಡಿಸಿದಳು.

"ಅಯ್ಯ ಮೂಳಾ! ಖಾನಾವಳಿ ಅಂದರ ಒಂದ ರೇಟು! ಒಂದು ತಿಂದರೂ ಅಷ್ಟ, ಹತ್ತು ತಿಂದರೂ ಅಷ್ಟ. ಒಮ್ಮೆ ರೊಕ್ಕ ಕೊಟ್ಟ ಮ್ಯಾಲೆ ಸಾಕು ಅನ್ನಬಾರದು, ಇನ್ನೂ ಹಾಕು, ಇನ್ನೂ ಹಾಕು ಅನ್ನಬೇಕು!"

"ಹೂನವ್ವಾ. ಸಾಕು ಅನ್ನಬಾರದು, ಇನ್ನೂ ಇನ್ನೂ ಅನ್ನಬೇಕು."

ಶನಿವಾರ ಕಾಶವ್ವ ಮಗನ ತಲೆ ನೋಡಿದಳು. ಕೂದಲು ಗುಬ್ಬಿಗೂಡಿನ ಹಾಗೆ ಆಗಿತ್ತು. ಸೋದರಮಾವ ಚೆಂದ ಕಾಣಬೇಡವೇ? "ಹೋಗು, ಕಟಿಂಗ್ ಮಾಡಿಸ್ಕೊಂಡು ಬಾ" ಎಂದಳು. ಅಡಿವೆಪ್ಪ ಕುರ್ಚಿ ಏರಿ ರೊಕ್ಕ ಮೊದಲೇ ಕೊಟ್ಟ. ಕ್ಷೌರದವನು ಕತ್ತರಿಸಿ, ಬಾಚಿ, ಕನ್ನಡಿ ತೋರಿಸಿದ.

"ಇನ್ನೂ" ಎಂದ ಅಡಿವೆಪ್ಪ.

ಮತ್ತಷ್ಟು ಕತ್ತರಿಸಿದ.

"ಇನ್ನೂ!"

ಮಷಿನ್ ಹೊಡೆದ. "ಇನ್ನೂ!" ಕತ್ತಿ ತೆಗೆದ. "ಇನ್ನೂ!" ಮೀಸೆಯೂ ಹೋಯಿತು. ತಲೆ ಬೋಳು, ಮುಖ ಬೋಳು. ಹುಬ್ಬಿಗೆ ಬಂದಾಗ ಕ್ಷೌರದವನೇ ಕೈ ಮುಗಿದು ಎಬ್ಬಿಸಿ ಕಳಿಸಿದ.

ಇನ್ನು ಆ ಓಣಿಯಲ್ಲಿ ಮಗ ತಲೆ ಮೀಸೆ ಎರಡೂ ಬೋಳಿಸಿಕೊಂಡು ಬಂದರೆ ಅರ್ಥ ಒಂದೇ. ಎದುರುಮನೆಯ ತಾರವ್ವ ನೋಡಿದಳು, "ಅಯ್ಯೋ ನಮ್ಮ ಕಾಶವ್ವಾ!" ಎಂದು ಎದೆ ಬಡಿದುಕೊಂಡಳು. ಹೆಂಗಸರೆಲ್ಲಾ ಸೆರಗು ಬಾಯಿಗಿಟ್ಟು ಅಳುತ್ತಾ ಓಡಿ ಬಂದರು. ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತವಳು ಕಾಶವ್ವನೇ!

"ಯಾರು ಸತ್ತಾರ?" ಎಂದಳು ಕಾಶವ್ವ.

"ನೀನ!" ಎಂದಳು ತಾರವ್ವ.

ಅಷ್ಟರಲ್ಲಿ ಬೋಳು ತಲೆ ಬಾಗಿಲಿಗೆ ಬಂತು. ಕಾಶವ್ವನ ಕೈಯಿಂದ ಮೊರ ಜಾರಿತು.

"ನಾ ಇನ್ನೂ ಜೀವಂತ ಇದ್ದೀನೆಲ್ಲೋ, ನನ್ನ ಹೊಟ್ಟ್ಯಾಗ ಹುಟ್ಟಿದವನ! ಹಿಂದ ಪಾಳಿ ಹಚ್ಚಿ ಮಂದಿ ಕುಂತಿರತಾರ, ಕಾಣಸೂದಿಲ್ಲೇನು? ನಿನಗ ಸಾಕಾತಂದರ ಮಂದಿಗೆ ಬಿಟ್ಟು ಕೊಡಬೇಕು!"

"ಹೂನವ್ವಾ. ನನಗ ಸಾಕಾತಂದರ ಮಂದಿಗೆ ಬಿಟ್ಟು ಕೊಡಬೇಕು."

ಐತವಾರ ಮಹಾಂತೇಶ ಬಂದ. ಎಮ್ಮೆಯ ಕತೆ ಕೇಳಿ ಬಿದ್ದು ಬಿದ್ದು ನಕ್ಕ. "ಇಂಥಾ ಮಗ ಇದ್ದ ಮನಿಗೆ ಬಳಸಿದಷ್ಟು ರೊಕ್ಕದ್ದು ಸರಿ ಬರೂದಿಲ್ಲ ಅಕ್ಕಾ. ತಿಂಗಳಿಗೆ ಒಂದ ರೇಟು ಮಾಡ್ತೀನಿ, ಎಷ್ಟರ ಬಳಸ್ರಿ" ಎಂದು ಡಬ್ಬಿಗೆ ಏನೋ ಮಾಡಿ ಹೋದ. ಕಾಶವ್ವನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು.

ಸೋಮವಾರ ಬಂತು. ಕಾಶವ್ವ ಇಳಕಲ್ ಸೀರೆ ಉಟ್ಟು ಫೋನಿನ ಮುಂದೆ ಕೂತಳು. ಹತ್ತಕ್ಕೆ ಐದು ನಿಮಿಷವಿತ್ತು. ಕಸ್ತೂರಿ ಕಂಡಳು, ತೊಟ್ಟಿಲು ಕಂಡಿತು. "ಅವ್ವಾ, ಕೂಸು..." ಎನ್ನುವುದರೊಳಗೆ ಚಿತ್ರ ನಿಂತುಬಿಟ್ಟಿತು. ಕಸ್ತೂರಿಯ ಬಾಯಿ ತೆರೆದದ್ದು ತೆರೆದ ಹಾಗೇ. ಅಲುಗಾಟವಿಲ್ಲ, ದನಿಯಿಲ್ಲ.

ಹೊರಗೆ ಗದ್ದಲ ಕೇಳಿ ಕಾಶವ್ವ ಎದ್ದು ನೋಡಿದಳು. ಕಟ್ಟೆಯ ಮೇಲೆ, ಅಂಗಳದಲ್ಲಿ, ಒರಳಿನ ಮೇಲೆ ಕೂಡ ಜನವೋ ಜನ! ಎಲ್ಲರ ಕೈಯಲ್ಲೂ ಫೋನು. ಒಬ್ಬ ಕುಸ್ತಿ ನೋಡುತ್ತಿದ್ದಾನೆ, ಒಬ್ಬಳು ಧಾರಾವಾಹಿ ನೋಡುತ್ತಿದ್ದಾಳೆ.

"ನನಗ ಸಾಕಾತವ್ವಾ, ಮಂದಿಗೆ ಬಿಟ್ಟು ಕೊಟ್ಟೀನಿ. ಪಾಸ್‌ವರ್ಡ್ ಗ್ವಾಡಿ ಮ್ಯಾಲೆ ಸುಣ್ಣದಾಗ ಬರದೀನಿ, ನೋಡು!" ಎಂದ ಅಡಿವೆಪ್ಪ, ಬೋಳು ತಲೆ ಸವರಿಕೊಳ್ಳುತ್ತಾ.

ಕಾಶವ್ವ ಕಂಬ ಹಿಡಿದು ಅತ್ತುಬಿಟ್ಟಳು. "ನನ್ನ ಮೊಮ್ಮಗಳಿಗೆ ಹೆಸರು ಹೇಳೂ ಹೊತ್ತು ಮೀರಾಕತ್ತೈತ್ರೋ!"

ತಾರವ್ವ ಜಿಗಿದೆದ್ದಳು. "ಏ, ಬಂದ್ ಮಾಡ್ರಿ! ಎಲ್ಲಾರೂ ಬಂದ್ ಮಾಡ್ರಿ!" ಪಟಪಟನೆ ಫೋನುಗಳು ಆರಿದವು. ಕುಸ್ತಿಯವನು ಕೊಸರಾಡಿದ, ತಾರವ್ವ ಅವನ ಫೋನು ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಚಿತ್ರ ಒಮ್ಮೆ ನಡುಗಿತು. ಕಸ್ತೂರಿಯ ಬಾಯಿ ಮುಚ್ಚಿತು, ಮತ್ತೆ ತೆರೆಯಿತು. "ಅವ್ವಾ, ಕೇಳಸ್ತೈತೇನು? ಹತ್ತಾತು, ಹೇಳು!" ಪುಟ್ಟದೊಂದು ಕಿವಿ ಫೋನಿನ ತುಂಬಾ ಬಂತು.

"ಕುರ್‌ರ್‌ರ್... ಚಂಪಾ! ಕುರ್‌ರ್‌ರ್... ಚಂಪಾ! ಕುರ್‌ರ್‌ರ್... ಚಂಪಾ!"

ಮೂರು ಸಲ. ಕೂಸು ಕಣ್ಣು ಪಿಳುಕಿಸಿತು. ಅಂಗಳದ ಹೆಂಗಸರು ಜೋಗುಳ ಎತ್ತಿದರು. ಕಾಶವ್ವ ಗೋಡೆಗೊರಗಿ ಉಸ್ಸೆಂದು ಉಸಿರು ಬಿಟ್ಟಳು. ಅಬ್ಬಾ, ಆಯಿತು! ಕಣ್ಣಲ್ಲಿ ನೀರಿತ್ತು, ಆದರೆ ನಗುತ್ತಿದ್ದಳು.

ಆ ಖುಷಿಯಲ್ಲೇ ಮಗನಿಗೆ ಬುದ್ಧಿ ಹೇಳಿದಳು: "ನೆಟ್ ಊರಿಗಲ್ಲೋ, ಮನಿಯವರಿಗೆ. ಮನಿಯವರು ಎಷ್ಟ ಬಳಸಿದರೂ ತಿಂಗಳತನಕ ಒಂದ ರೇಟು. ತಗೋ, ಸೋದರಮಾವ ನೀನು. ನೀನೂ ಕೂಸಿನ ಹೆಸರು ಕರಿ." ಫೋನು ಅವನ ಕೈಗಿಟ್ಟು, ಬುಟ್ಟಿ ಹೊತ್ತು, ಮನೆ ಮನೆಗೆ ಗುಗ್ಗರಿ ಹಂಚಲು ಹೋದಳು.

ತಿರುಗಿ ಬಂದಾಗ ಸಂಜೆ. ಅಡಿವೆಪ್ಪ ಕೂತಲ್ಲೇ ಕೂತಿದ್ದಾನೆ. ಗಂಟಲು ಕಟ್ಟಿ ಕಪ್ಪೆಯ ದನಿಯಾಗಿದೆ. "ಚಂಪಾ... ಚಂಪಾ... ಚಂಪಾ..." ಫೋನು ಕಪ್ಪಗೆ ಆರಿ ಹೋಗಿದೆ.

"ಲೇ, ಕಸ್ತೂರಿ ಎಲ್ಲೋ?"

"ಅಕಿ ಮಧ್ಯಾಹ್ನನ ಕಾಲ್ ಕಟ್ ಮಾಡಿದಳವ್ವಾ."

"ಮತ್ತ ಯಾರಿಗೆ ಕರಿಯಾಕತ್ತೀಯೋ?"

"ಕೂಸಿಗೆ."

ಕಾಶವ್ವನ ಕೈ ಹಣೆಯವರೆಗೆ ಹೋಯಿತು. ಆದರೆ ಕೂಸಿಗೆ ಹೆಸರು ಆಗಿತ್ತು, ಇನ್ನು ಯಾರು ಏನು ಕೆಡಿಸಿದರೂ ಅದು ಕೆಡುವಂತಿರಲಿಲ್ಲ. ಕೈ ಕೆಳಗಿಳಿಯಿತು. ಅವಳು ಒಂದು ಬಟ್ಟಲು ಗುಗ್ಗರಿ ತಂದು ಮಗನ ಮುಂದಿಟ್ಟಳು. "ಸಾಕು ಮಾಡಪ್ಪಾ, ಏಳು, ತಿನ್ನು."

"ಹ್ಯಾಂಗ ಏಳಲವ್ವಾ?" ಎಂದ ಅಡಿವೆಪ್ಪ. "ಒಂದ ರೇಟು ಅಂದಿಯಲ್ಲಾ, ತಿಂಗಳು ತುಂಬಾಕ ಇನ್ನೂ ಇಪ್ಪತ್ತೆಂಟು ದಿನ ಐತಿ!"