ಉಪ್ಪಿಲ್ಲವೆಂದ ಕಾಟಮ್ಮನ ಮಗ

"ಕೇಳ್ರಪ್ಪೋ ಕೇಳಿ! ಬಿಳಿಗುಂಡಿ ಸಂಸ್ಥಾನದ ಗಿರಿಭೂಪಾಲ ಮಹಾಪ್ರಭುಗಳು ಇಂಗ್ಲಿಷ್ ಕಲಿತಿದ್ದಾರೆ! ವಾಂಟ್, ನೀಡ್, ಲ್ಯಾಕ್ ಅನ್ನೋ ಮೂರು ಮಾತಿನ ಮೇಲೆ ಮೂರು ಒಗಟು ಕೇಳ್ತಾರೆ! ಮೂರನ್ನೂ ಬಿಡಿಸಿದವರಿಗೆ ಅರ್ಧ ಸಂಸ್ಥಾನ! ಒಂದು ತಪ್ಪಿದರೂ ಅಮಾವಾಸ್ಯೆಗೆ ತಲೆ ಹಾರುತ್ತೆ!"

ಡಂಗುರ ಕೇಳಿ ಊರು ಹಲ್ಲು ಕಡಿಯಿತು. ಕಡಿಯದೆ ಇನ್ನೇನು ಮಾಡೀತು? ಎರಡು ತಿಂಗಳಿಂದ ಒಂದು ಮನೆಯಲ್ಲೂ ಉಪ್ಪಿಲ್ಲ. ಸಪ್ಪೆ ಮುದ್ದೆ, ಸಪ್ಪೆ ಸಾರು. ಈ ಮಹಾರಾಯನಿಗೆ ಒಗಟಿನ ಚಪಲ! ಉಪ್ಪು ಎಲ್ಲಿಗೆ ಹೋಯಿತೆಂದು ಎಲ್ಲರಿಗೂ ಗೊತ್ತು. ಪ್ರಭುವಿಗೆ ಹುಲಿಬೇಟೆಯ ಹುಚ್ಚು. ಹೊಡೆದ ಹುಲಿಯ ತೊಗಲು ಕೊಳೆಯದಿರಲಿ ಅಂತ ಉಪ್ಪು ತಿಕ್ಕಬೇಕು, ಅದಕ್ಕೆ ಸಂತೆಗೆ ಬಂದ ಉಪ್ಪಿನ ಗಾಡಿಗಳೆಲ್ಲ ಸೀದಾ ಅರಮನೆಯ ತೊಗಲಿನ ಕೋಣೆಗೆ.

ಗೊತ್ತಿದ್ದರೂ ಹೇಳುವ ಹಾಗಿರಲಿಲ್ಲ. ಪ್ರಭುವಿನ ಎದುರು 'ಇಲ್ಲ' ಅನ್ನಬಾರದು, ಅಪಶಕುನ, ಅಂದವರ ನಾಲಿಗೆ ಕತ್ತರಿಸಬೇಕು ಅಂತ ಅರಮನೆಯ ಕಟ್ಟಳೆ. ಅಂಥ ಕಟ್ಟಳೆ ಮಾಡಿದವನ ಬಾಯಿಗೆ ಮಣ್ಣು ಹಾಕ!

ಗೊಲ್ಲರ ಕಾಟಮ್ಮ ದಾರಿಬದಿಯಲ್ಲಿ ಮಜ್ಜಿಗೆ ಮಾರುವವಳು. ಬೇಟೆ ಮುಗಿಸಿ ಬಂದ ಪ್ರಭು ಅವಳ ಮುಂದೆ ಕುದುರೆ ನಿಲ್ಲಿಸಿ, ಮಜ್ಜಿಗೆ ಬಾಯಿಗಿಟ್ಟು, "ಇದೇನು ಸಪ್ಪೆ? ಉಪ್ಪು ಹಾಕು" ಅಂದ. "ಉಪ್ಪಿಲ್ಲ ಬುದ್ಧಿ" ಅಂದಳು ಆ ತಾಯಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೇ. ಅದಕ್ಕೆ ಅವಳನ್ನು ಎಳೆದುಕೊಂಡು ಹೋಗಿ ಸೆರೆಮನೆಗೆ ಹಾಕಿದರು. ಅಮಾವಾಸ್ಯೆಗೆ ನಾಲಿಗೆ ಕತ್ತರಿಸುವುದೆಂದು ತೀರ್ಮಾನವಾಯಿತು.

ಅವಳ ಮಗ ಚಿತ್ತಯ್ಯ, ದನ ಕಾಯುವ ಹುಡುಗ, ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅಮಾವಾಸ್ಯೆಗೆ ಎರಡೇ ದಿನ ಉಳಿದಾಗ ಕಂಬಳಿ ಹೆಗಲಿಗೆ ಹಾಕಿಕೊಂಡು ನೇರ ಒಡ್ಡೋಲಗಕ್ಕೆ ಬಂದ. ಅರ್ಧ ಸಂಸ್ಥಾನ ಯಾರಿಗೆ ಬೇಕಿತ್ತು? ಅವನಿಗೆ ಅವನವ್ವ ಬೇಕಿತ್ತು.

ಒಗಟು ಕಟ್ಟಿದವರು ಪ್ರಭುವಿನ ಇಂಗ್ಲಿಷ್ ಮೇಷ್ಟ್ರು ಸಾಮಿನಾಥಯ್ಯ. ಮೂರು ಉತ್ತರಗಳನ್ನೂ ಮೂರು ಲಕೋಟೆಯಲ್ಲಿಟ್ಟು ಅರಗು ಹಾಕಿ ಪ್ರಭುವಿನ ಮುಂದೆ ಇಟ್ಟಿದ್ದರು.

"ಮೊದಲನೆಯದು ವಾಂಟ್, ಅಂದರೆ ಆಸೆ," ಅಂದ ಪ್ರಭು. "ಎಷ್ಟಿದ್ದರೂ ಇನ್ನೊಂದಿರಲಿ ಅನ್ನಿಸುತ್ತದೆ, ಆ ಇನ್ನೊಂದು ಸಿಗದಿದ್ದರೆ ಯಾರೂ ಸಾಯುವುದಿಲ್ಲ. ಈ ಅರಮನೆಯಲ್ಲಿ ಅದು ಯಾವುದು?"

ಜಹಗೀರುದಾರನ ಮಗ "ಬಂಗಾರ" ಅಂದ. ಎಳೆದೊಯ್ದರು. ಆಸ್ಥಾನದ ಪಂಡಿತರು ಹಲ್ಲು ಕಿರಿದು "ತಮ್ಮ ಕೀರ್ತಿ, ಪ್ರಭು" ಅಂದರು. ಅವರನ್ನೂ ಎಳೆದೊಯ್ದರು. ಉಳಿದವರು ಮೆಲ್ಲಗೆ ಬಾಗಿಲ ಕಡೆ ಜಾರಿದರು.

"ಹುಲಿ ತೊಗಲು ಬುದ್ಧಿ," ಅಂದ ಚಿತ್ತಯ್ಯ.

ಪ್ರಭುವಿನ ಮುಖ ಕೆಂಪೇರಿತು. ಲಕೋಟೆ ಒಡೆದು ನೋಡಿದರೆ ಅದೇ ಇತ್ತು.

"ಎರಡನೆಯದು ನೀಡ್, ಅಂದರೆ ಅಗತ್ಯ. ಅರಸನಿಗೂ ಆಳಿಗೂ ದಿನಾ ಬೇಕು, ಆದರೆ ಯಾರೂ ಅದನ್ನು ಹೊಟ್ಟೆ ತುಂಬ ತಿನ್ನುವುದಿಲ್ಲ."

"ಉಪ್ಪು. ತೊಗಲು ಸಿಗಲಿ ಅಂತ ಆಸೆ ಪಡ್ತೀರಿ, ನಾವು ಬದುಕಬೇಕಂದ್ರೆ ಉಪ್ಪು ಬೇಕೇ ಬೇಕು. ನಮ್ಮ ಊಟದ್ದನ್ನ ಕಿತ್ಕೊಂಡು ನಿಮ್ಮ ಸತ್ತ ಹುಲಿಗೆ ಹಚ್ತಿದ್ದೀರಲ್ಲ ಬುದ್ಧಿ!"

ಲಕೋಟೆಯಲ್ಲೂ ಉಪ್ಪು ಅಂತಲೇ ಇತ್ತು. ಪ್ರಭು ಉಗ್ರಾಣದವನ ಕಡೆ ತಿರುಗಿದ. "ಉಪ್ಪು ಇದೆಯೇನೋ?"

"ಇದೆ ಪ್ರಭು, ಬೇಕಾದಷ್ಟಿದೆ," ಅಂದ ಉಗ್ರಾಣದವನು ನೆಲ ನೋಡುತ್ತ.

"ಕೇಳಿದೆಯಾ? ಸರಿ, ಮೂರನೆಯದು ಲ್ಯಾಕ್, ಅಂದರೆ ಕೊರತೆ. ಬಡವನ ಗುಡಿಸಲಲ್ಲಿ ದಿನಕ್ಕೆ ಹತ್ತು ಸಲ ಸಿಗುವುದು, ಈ ಅರಮನೆಯಲ್ಲಿ ಹುಡುಕಿದರೂ ಸಿಗದ್ದು. ಏನದು?"

ಪ್ರಭುವನ್ನು ಮೆಚ್ಚಿಸಲು ಇದೇ ಹೊತ್ತೆಂದು ದಿವಾನರು ನಡುವೆ ಬಾಯಿ ಹಾಕಿದರು. "ಛೇ ಛೇ, ಅರಮನೆಯಲ್ಲಿ ಯಾವ ಕೊರತೆಯೂ ಇಲ್ಲ ಪ್ರಭು!" ಅಂದು ನಾಲಿಗೆ ಕಚ್ಚಿಕೊಂಡರು. ಕಾವಲುಗಾರ ಬಂದು ಅವರ ರಟ್ಟೆ ಹಿಡಿದ.

ಚಿತ್ತಯ್ಯ ಆ ಕಡೆ ತಿರುಗಿಯೂ ನೋಡಲಿಲ್ಲ. "'ಇಲ್ಲ' ಅನ್ನೋ ಮಾತು ಬುದ್ಧಿ. ನಮ್ಮ ಗುಡ್ಲಲ್ಲಿ ದಿನಕ್ಕೆ ಹತ್ತು ಸಲ ಅಂತೀವಿ. ಎಣ್ಣೆಯಿಲ್ಲ, ಸೌದೆಯಿಲ್ಲ ಅಂತೀವಿ. ಅಂದ್ರೆ ತಾನೆ ಇನ್ನೊಬ್ಬರು ಎದ್ದು ಹೋಗಿ ತರೋದು? ನಿಮಗೆ ಹಂಗೆ ಹೇಳೋರು ಒಬ್ಬರೂ ಇಲ್ಲ. ಇದ್ದವಳು ಒಬ್ಬಳು, ನಮ್ಮವ್ವ. ಅವಳ ನಾಲಿಗೆನೇ ಕತ್ತರಿಸ್ತೀರಂತೆ. ನಾಚಿಕೆ ಆಗಲ್ವಾ ನಿಮಗೆ?"

ಪ್ರಭು ಮೂರನೆಯ ಲಕೋಟೆ ಒಡೆದ. ಒಳಗಿದ್ದದ್ದು ಖಾಲಿ ಹಾಳೆ.

"ಮೇಷ್ಟ್ರೇ, ಏನಿದು?"

ಸಾಮಿನಾಥಯ್ಯ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಉತ್ತರ ಈ ಹುಡುಗ ಹೇಳಿದ್ದೇ, ಪ್ರಭು. ಅದನ್ನು ಬರೆಯೋ ಧೈರ್ಯ ನನಗೆ ಇರಲಿಲ್ಲ."

ಆಗ ಉಗ್ರಾಣದವನು ಗೊಳೋ ಅಂತ ಅತ್ತುಬಿಟ್ಟ. "ಉಪ್ಪೂ ಇಲ್ಲ ಪ್ರಭು! ಎಲ್ಲ ತೊಗಲಿನ ಕೋಣೆ ಸೇರಿದೆ."

ದಿವಾನರ ರಟ್ಟೆ ಹಿಡಿದಿದ್ದ ಕಾವಲುಗಾರ ಕೈ ಬಿಟ್ಟ. "ನಮ್ಮನೇಲೂ ಇಲ್ಲ ಬುದ್ಧಿ," ಅಂದ. ಹಿಂದಿನಿಂದ ಇನ್ನೊಬ್ಬ, ಅವನ ಹಿಂದಿನಿಂದ ಮತ್ತೊಬ್ಬ. ಒಡ್ಡೋಲಗದ ತುಂಬ ಇಲ್ಲ, ಇಲ್ಲ, ಇಲ್ಲ. ಎಷ್ಟು ನಾಲಿಗೆ ಅಂತ ಕತ್ತರಿಸುತ್ತಾನೆ?

ಪ್ರಭು ಆ ಖಾಲಿ ಹಾಳೆಯನ್ನು ಮಡಚಿಟ್ಟ. ಆಮೇಲೆ, "ಅರ್ಧ ಸಂಸ್ಥಾನ ನಿನ್ನದಪ್ಪ," ಅಂದ.

"ಅದನ್ನ ಇಟ್ಕೊಂಡು ನಾನೇನ್ ಮಾಡ್ಲಿ? ಅವ್ವನ್ನ ಬಿಡಿ, ಸೆರೆಯಲ್ಲಿರೋರನ್ನೆಲ್ಲ ಬಿಡಿ. ಆ ಕಟ್ಟಳೆ ತೆಗೆದುಹಾಕಿ. ತೊಗಲಿಗೆ ಅಂತ ಕೂಡಿಟ್ಟಿರೋ ಉಪ್ಪು ಕೊಡಿ, ಅರ್ಧ ಅಲ್ಲ, ಪೂರ್ತಿ."

ಅದೇ ಗಳಿಗೆಯಲ್ಲಿ ಸೆರೆಮನೆಯ ಬಾಗಿಲು ತೆಗೆದರು. ಕಾಟಮ್ಮ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹೊರಗೆ ಬಂದಳು. ಚಿತ್ತಯ್ಯ ಓಡಿಹೋಗಿ ಅವಳನ್ನು ತಬ್ಬಿಕೊಂಡು ಅತ್ತ. ಪ್ರಭು ಸಿಂಹಾಸನ ಇಳಿದು ಅಲ್ಲಿಗೆ ಬಂದು ಕೈ ಮುಗಿದು, "ತಪ್ಪಾಯ್ತು ಕಾಟಮ್ಮ. ನಾಳೆ ನಿನ್ನ ಹತ್ತಿರ ಬಂದರೆ ಒಂದು ಲೋಟ ಮಜ್ಜಿಗೆ ಕೊಡ್ತೀಯಾ?" ಅಂದ.

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಇಲ್ಲ ಬುದ್ಧಿ. ಮೊದಲು ಮೂಟೆ ಹೊತ್ಕೊಂಡು ಮನೆಮನೆಗೆ ಉಪ್ಪು ಹಾಕಿ ಬನ್ನಿ. ನನ್ನದು ಕೊನೇ ಮನೆ."

ಪ್ರಭು ತೊಗಲಿನ ಕೋಣೆಗೆ ಹೋಗಿ ಮೊದಲನೆಯ ಮೂಟೆಗೆ ಹೆಗಲು ಕೊಟ್ಟ.