ಹುರುಳಿಯೂ ತುರಾಯಿಯೂ

ಮದುಮಗನನ್ನು ಹೊತ್ತು ಮೆರೆಸುವ ಕುದುರೆ ಚಾಂದನಿಗೆ ಮರಿ ಹುಟ್ಟಿ ತಿಂಗಳಾಗಿರಲಿಲ್ಲ. ಆಗಲೇ ಅದರ ಕೆಚ್ಚಲು ಬತ್ತುತ್ತಿತ್ತು. ಹೆಚ್ಚಿನ ದಿನ ಬೆಳಗಿನಿಂದ ಸರಿರಾತ್ರಿಯವರೆಗೆ ಮೆರವಣಿಗೆ, ಮನೆಗೆ ಬಂದರೆ ಒಂದು ಹಿಡಿ ಹುರುಳಿ. ಹೆಚ್ಚು ಕೇಳಿದಾಗ ಯಜಮಾನ ಒಮ್ಮೆ ಜರಿಯ ಹೊದಿಕೆ ಹೊದಿಸಿದ, ಮತ್ತೊಮ್ಮೆ ನೆತ್ತಿಗೆ ತುರಾಯಿ ಕಟ್ಟಿದ.

"ಇಂಥ ಗೌರವ ಯಾರಿಗುಂಟು?" ಎಂದು ಚಾಂದನಿ ಪಕ್ಕದ ಮಡಿವಾಳರ ಕತ್ತೆಯನ್ನು ಕೇಳಿತು.

"ಗೌರವ ಸರಿ, ಅಕ್ಕಾ. ಮಗು ಏನು ಕುಡಿಯಬೇಕು?"

"ಕೊಳೆ ಬಟ್ಟೆ ಹೊರುವ ನಿನಗೇನು ಗೊತ್ತು?"

"ಮಧ್ಯಾಹ್ನಕ್ಕೆ ಹೊರೆ ಇಳಿಸುತ್ತಾರೆ, ಹೊಟ್ಟೆ ತುಂಬ ಬೂಸ ಇಡುತ್ತಾರೆ. ಅಷ್ಟು ಗೊತ್ತು."

ಅಷ್ಟರಲ್ಲಿ ಮರಿ ತಾಯಿಯ ಕೆಚ್ಚಲನ್ನು ಎಳೆದೆಳೆದು ಸೋತು, ತಡವರಿಸುತ್ತ ಹೋಗಿ ಕತ್ತೆಯ ಕೆಚ್ಚಲಿಗೆ ಬಾಯಿಟ್ಟಿತು. ಚಾಂದನಿ ತಲೆ ತಗ್ಗಿಸಿತು.

"ನಾಚಬೇಡ, ಅಕ್ಕಾ. ಊರಿನ ಎಳೆಗೂಸುಗಳಿಗೂ ನನ್ನ ಹಾಲನ್ನೇ ಒಳಲೆಯಲ್ಲಿ ಕುಡಿಸುತ್ತಾರೆ."

ಸಂಜೆ ಯಜಮಾನ ಬೆಳ್ಳಿಯ ಗೆಜ್ಜೆ ಹಿಡಿದು ಬಂದ. ಚಾಂದನಿ ಕಾಲೆತ್ತಲಿಲ್ಲ.

"ಎತ್ತೇ ಕಾಲು, ವಾಲಗ ಶುರುವಾಗಿದೆ! ಮದುಮಗ ಕಾಯುತ್ತಿದ್ದಾನೆ."

"ಕಾಯಲಿ, ಯಜಮಾನರೇ. ಗೆಜ್ಜೆ ಕಟ್ಟಿದರೆ ಕೆಚ್ಚಲಿಗೆ ಹಾಲಿಳಿಯುವುದಿಲ್ಲ. ಮೊದಲು ಹುರುಳಿ ತನ್ನಿ. ಸರಿರಾತ್ರಿಯ ಮೆರವಣಿಗೆಗೆ ಇನ್ನು ನಾನು ಬರುವುದಿಲ್ಲ."

ಯಜಮಾನ ಗದರಿದ, ಲಗಾಮು ಜಗ್ಗಿದ. ಕುದುರೆ ಕದಲಲಿಲ್ಲ. ಹೊರಗೆ ಬೀಗರ ಕೂಗು ಜೋರಾಯಿತು. ಕೊನೆಗೆ ಅವನು ಗೆಜ್ಜೆಯನ್ನು ನೆಲದ ಮೇಲಿಟ್ಟು, ಹುರುಳಿಯ ಮೂಟೆ ಬಿಚ್ಚಿದ.