ಸುಂಕವ್ವನ ಆರನೇ ದಿಂಡು

ಯಾವ ಕಾಲವೆಂದು ಕೇಳಬೇಡಿ, ನಮ್ಮಜ್ಜನ ಅಜ್ಜನಿಗೂ ಗೊತ್ತಿರಲಿಲ್ಲ. ಕಣಿವೆಹಾಳು ಅಂತ ಒಂದೂರು. ಅಲ್ಲಿ ಕೆರೆ ಕಟ್ಟಲು ಮಣ್ಣುಕೆಲಸದವರ ಗುಂಪೊಂದು ಬಂದಿತ್ತಂತೆ. ಗುಂಪಿನ ಅಳತೆಯೆಲ್ಲ ಸುಂಕವ್ವನೆಂಬ ಹೆಂಗಸಿನ ಕೈಯಲ್ಲಿ. ಅಕ್ಷರ ಬಾರದು, ಲೆಕ್ಕ ತಪ್ಪದು ಅನ್ನುತ್ತಿದ್ದರಂತೆ.

ಅಗೆಯುವ ಮೊದಲು ಆಕೆ ನೆಲವನ್ನೆಲ್ಲ ನಡೆದು ನೋಡಿ, ಎಲ್ಲಿ ಉಬ್ಬು ಎಲ್ಲಿ ತಗ್ಗು ಎಂದು ದಾರದಲ್ಲಿ ಗಂಟು ಹಾಕಿಟ್ಟುಕೊಳ್ಳುವಳಂತೆ. ಏರಿಗೆ ಮಣ್ಣು ತೆಗೆಯುವ ಗುಂಡಿ ಅಗೆಯುವಾಗ ಏಳು ಕಡೆ ಹುಲ್ಲು ಸಮೇತ ನೆಲವನ್ನು ಅಗೆಯದೆ ಹಾಗೇ ಕಂಬದಂಥ ದಿಂಡಾಗಿ ಬಿಡಿಸುವಳಂತೆ. ದಿಂಡಿನ ಎತ್ತರವೇ ಗುಂಡಿಯ ಆಳಕ್ಕೆ ಸಾಕ್ಷಿ. ಏಳನ್ನೂ ಅಳೆದು, ಕೂಡಿಸಿ, ಏಳು ಪಾಲು ಮಾಡಿ, ಗುಂಡಿಯ ಉದ್ದಕ್ಕೂ ಅಗಲಕ್ಕೂ ಗುಣಿಸಿದರೆ ಏರಿಗೆ ಹೋದ ಮಣ್ಣೆಷ್ಟೆಂದು ಸಿಕ್ಕೀತು. ಏರಿಯನ್ನೇ ಅಳೆಯಬಾರದೇ ಅಂದರೆ ನಗುವಳಂತೆ. ಅಗೆದ ಮಣ್ಣು ಹೊಸ ಅಳಿಯನ ಹಾಗೆ ಉಬ್ಬಿರುತ್ತದೆ, ನಾಲ್ಕು ಮಳೆ ಬಿದ್ದ ಮೇಲೆ ಅದರ ನಿಜ ತಿಳಿಯುವುದು ಅನ್ನುವಳಂತೆ.

ಏರಿಯ ಕೆಳಗೆ ನಲವತ್ತು ಮನೆಯ ಕೇರಿ. ಮಣ್ಣು ಕಡಿಮೆ ಬಿದ್ದರೆ ಮೊದಲ ದೊಡ್ಡ ಮಳೆಗೇ ಏರಿ ಒಡೆದು ಕೇರಿ ಕೊಚ್ಚಿಹೋಗುತ್ತಿತ್ತು.

ಎಲ್ಲರೂ ಗುದ್ದಲಿ ತೊಳೆದಿಟ್ಟ ದಿನ ಸುಂಕವ್ವ ಅಳೆದಳಂತೆ. ಲೆಕ್ಕ ಕೂಡಿತು. ಆದರೆ ಆರನೇ ದಿಂಡು ಐದನೆಯದರ ಸಮಕ್ಕೆ ನಿಂತಿತ್ತು. ದಾರ ಬಿಚ್ಚಿ ನೋಡಿದರೆ ಅದು ತಗ್ಗಿನ ನೆಲ, ದಿಂಡು ಗಿಡ್ಡವಿರಬೇಕು. ತಲೆಯ ಹುಲ್ಲು ಹಿಡಿದೆಳೆದಳು. ಹೆಂಟೆ ಸಮೇತ ಕೈಗೆ ಬಂತಂತೆ. ಉಳಿದವನ್ನೂ ಎಳೆದಳು, ಇನ್ನು ಮೂರು ಬಂದವು. ಯಾರೋ ಮೇಲೆ ಮಣ್ಣು ಮೆತ್ತಿ ಹುಲ್ಲು ಹೊದಿಸಿದ್ದರು. ಗುಂಪಿಗೆ ಇನ್ನೂ ಎಂಟು ದಿನದ ಅಗೆತ ಬಾಕಿಯಿತ್ತು.

ಮಾಡಿದವನು ಆಕೆಯ ಮಗ ಓಬಳೇಶನೇ. ಅವನೇ ತಲೆ ತಗ್ಗಿಸಿ ಒಪ್ಪಿಕೊಂಡನಂತೆ. ಮೂರು ದಿನದ ದಾರಿಯ ಹಟ್ಟಿಯಲ್ಲಿ ಅವನ ಹೆಂಡತಿಗೆ ದಿನ ತುಂಬಿತ್ತು, ಚೊಚ್ಚಲು; ಕೆಲಸ ಬೇಗ ಮುಗಿದರೆ ಹೋಗಬಹುದೆಂದು ಹೀಗೆ ಮಾಡಿದ್ದನಂತೆ.

ಸುಂಕವ್ವ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಕೆ ಊರವರನ್ನು ಕರೆದು ದಿಂಡಿನ ಬೋಳು ತಲೆ ತೋರಿಸಿದಳು. ಆಮೇಲೆ ಮಗನಿಗೆ ಅಂದಳಂತೆ: “ನಿನ್ ಕೂಸು ನಿನ್ ದಾರಿ ಕಾಯ್ತೈತೆ, ಹೋಗಪ್ಪ. ಕೆಳಗಿನ ಕೇರ್ಯಾಗೂ ಕೂಸುಗಳವೆ. ನಿನ್ ಪಾಲು ನಾ ಅಗಿತೀನಿ.”

ಮಗ ಹೋದನೆಂದು ಕೆಲವರು, ನಾಚಿ ಅಲ್ಲೇ ನಿಂತನೆಂದು ಕೆಲವರು. ಸುಂಕವ್ವ ಅಗೆದಳು ಅನ್ನುವುದರಲ್ಲಿ ಮಾತ್ರ ಎರಡು ಮಾತಿಲ್ಲ. ಒಂಬತ್ತನೇ ದಿನ ಮಳೆ ಹಿಡಿಯಿತು. ನೀರು ಏರಿಯ ತಲೆಗೆ ಒಂದು ಗೇಣು ಉಳಿಸಿ ನಿಂತಿತಂತೆ. ಕೇರಿ ಉಳಿಯಿತು.

ಈಗಲೂ ಆ ಕಡೆ ಬಾವಿ ತೋಡಲಿ, ಕೆರೆ ಅಗೆಯಲಿ, ಅಳೆಯುವ ಮೊದಲು ದಿಂಡಿನ ಹುಲ್ಲು ಹಿಡಿದು ಎಳೆದು ನೋಡುತ್ತಾರೆ. ಅಳತೆ ಮುಗಿದ ಮೇಲೆ ಗುಂಪಿನ ಹಿರಿಯ ಹೆಂಗಸು ಇನ್ನೊಂದು ಬುಟ್ಟಿ ಮಣ್ಣು ಅಗೆದು ದಡಕ್ಕೆ ಹಾಕುತ್ತಾಳೆ. ಮಗನ ಪಾಲು ಅಂತ ಅದಕ್ಕೆ ಹೆಸರು. ಆ ಬುಟ್ಟಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.